17 ಡಿಗ್ರಿ ಅಡುಗೆಮನೆ, ಏಳದ ಸ್ಟಾರ್ಟರ್: 24 ದಿನದ ಲೆಕ್ಕ

ಇದೆಲ್ಲ ಶುರುವಾದದ್ದು ಒಂದು ಇಟ್ಟಿಗೆಯಿಂದ. ಅದನ್ನು ಬ್ರೆಡ್ ಅನ್ನಬೇಕಿತ್ತು. ಆದರೆ ಎತ್ತರ 4 ಸೆಂಟಿಮೀಟರ್, ಒಳಗೆಲ್ಲ ಅಂಟಂಟು, ಚಾಕುವಿಗೆ ಮೆತ್ತಿಕೊಂಡು ಬಂತು. ಒಂಬತ್ತು ಗಂಟೆ ಕಾದು ಮಾಡಿದ್ದು.

ಈ ಬ್ರೆಡ್ಡನ್ನು ಉಬ್ಬಿಸುವುದು ಸ್ಟಾರ್ಟರ್: ಹಿಟ್ಟು, ನೀರು ಕಲಸಿ ಹುಳಿಯಲು ಬಿಟ್ಟು ಸಾಕಿಕೊಂಡ ಹುದುಗು, ಒಳಗೆ ಯೀಸ್ಟ್ ಮತ್ತು ಹುಳಿ ಮಾಡುವ ಬ್ಯಾಕ್ಟೀರಿಯಾ. ಸೆಕೆ ದಿನಗಳಲ್ಲಿ ಇದೇ ಸ್ಟಾರ್ಟರ್ ಐದು ಗಂಟೆಯಲ್ಲಿ ಎರಡರಷ್ಟು ಉಬ್ಬುತ್ತಿತ್ತು. ಚಳಿ ಬಂತು, ಅಡುಗೆಮನೆ 17 ಡಿಗ್ರಿಗೆ ಇಳಿಯಿತು, ಸ್ಟಾರ್ಟರ್ ಮಲಗಿಬಿಟ್ಟಿತು. ಅವತ್ತೇ ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿದೆ. ಅದರಲ್ಲಿದ್ದದ್ದನ್ನು ಇಲ್ಲಿ ಇಳಿಸಿದ್ದೇನೆ. ಹಾಳು ಮಾಡಿಕೊಂಡದ್ದನ್ನೂ ಬಿಟ್ಟಿಲ್ಲ, ಅದೇ ಜಾಸ್ತಿ ಇದೆ.

ಸಾಮಾನು: ಅರ್ಧ ಲೀಟರಿನ ಎರಡು ಗಾಜಿನ ಜಾಡಿ (ನೇರ ಗೋಡೆಯವು, ಉಬ್ಬಿದ್ದು ಅಳೆಯಲು ಸುಲಭ), ರಬ್ಬರ್ ಬ್ಯಾಂಡ್, 1 ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ಲೀಟರಿನ ಎರಡು ಬಾಟಲಿ, ಹಳೆ ಟವೆಲ್. ಹೊಸದಾಗಿ ಕೊಂಡದ್ದು ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದೇ. ಅದನ್ನು ಮೊದಲ ದಿನವೇ ತಂದಿದ್ದರೆ ಈ ಲೆಕ್ಕ ಅರ್ಧದಲ್ಲೇ ಮುಗಿಯುತ್ತಿತ್ತು.

ಮುಂದೆ 1:2:2 ಅಂತ ಬರೆದರೆ ಒಂದು ಪಾಲು ಹಳೆ ಸ್ಟಾರ್ಟರ್, ಎರಡು ಪಾಲು ಹಿಟ್ಟು, ಎರಡು ಪಾಲು ನೀರು ಅಂತ ಓದಿಕೊಳ್ಳಿ.

ದಿನ 1

ಬೆಳಿಗ್ಗೆ 8ಕ್ಕೆ ಎರಡು ಚಮಚ ಸ್ಟಾರ್ಟರ್, ನಾಲ್ಕು ಚಮಚ ಮೈದಾ, ನಾಲ್ಕು ಚಮಚ ನೀರು. ನಾನು ಯಾವಾಗಲೂ ಹಾಕುತ್ತಿದ್ದದ್ದು ಹೀಗೇ. ಮೇಲ್ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ರಾತ್ರಿ 8ಕ್ಕೆ ನೋಡಿದರೆ ಬ್ಯಾಂಡಿನ ಮೇಲೆ ಅರ್ಧ ಬೆರಳೂ ಇಲ್ಲ. ಮೇಲೆ ನಾಲ್ಕಾರು ಗುಳ್ಳೆ ಅಷ್ಟೇ.

ಹೊತ್ತಾಯಿತಲ್ಲ ಅಂತ ಮತ್ತೆ ಊಟ ಹಾಕಿದೆ, ಅಂದರೆ ಒಂದು ಪಾಲು ಉಳಿಸಿಕೊಂಡು, ಮಿಕ್ಕಿದ್ದು ಎಸೆದು, ಹೊಸ ಹಿಟ್ಟು ನೀರು ಕಲಸಿದೆ. ಇದು ಮೊದಲನೇ ತಪ್ಪು. ಆಗ ಗೊತ್ತಿರಲಿಲ್ಲ.

ದಿನ 2 ರಿಂದ 5

ಬೆಳಿಗ್ಗೆ 8, ರಾತ್ರಿ 8. ಒಂದು ಹೊತ್ತೂ ತಪ್ಪಿಸಲಿಲ್ಲ. ಪಾಪ, ಹಸಿದಿರಬೇಕು, ಚೆನ್ನಾಗಿ ತಿಂದರೆ ಎದ್ದೇಳುತ್ತದೆ ಅನ್ನೋ ಲೆಕ್ಕ ನನ್ನದು. ಆಗಿದ್ದು ಉಲ್ಟಾ. ದಿನ 2ರಲ್ಲಿ ಇದ್ದ ಗುಳ್ಳೆ ದಿನ 4ರಲ್ಲಿ ಇಲ್ಲ. ಹುಳಿ ವಾಸನೆ ಹೋಯಿತು. ಮೂಗು ಹತ್ತಿರ ತಂದರೆ ಬರೀ ಹಸಿ ಹಿಟ್ಟಿನ ವಾಸನೆ. ದಿನ 5ಕ್ಕೆ ಕೆಳಗೆ ಹಿಟ್ಟು ಕೂತು ಮೇಲೆ ತಿಳಿ ನೀರು ನಿಂತಿತ್ತು.

ಮಗಳು ಜಾಡಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಪ್ಪಾ, ಇದು ಸತ್ತೋಗಿದೆ, ಬಿಡು."

ಮೇಲೆ ನೀರು ನಿಲ್ಲುವುದರ ಬಗ್ಗೆ ಒಂದು ಮಾತು. ಹಸಿದ ಸ್ಟಾರ್ಟರ್ ಮೇಲೂ ನೀರು ನಿಲ್ಲುತ್ತದೆ. ಅದು ಬೂದು ಬಣ್ಣ, ಮೂಗಿಗೆ ಹೊಡೆಯುವ ವಾಸನೆ, ಕೆಲವೊಮ್ಮೆ ಉಗುರು ಬಣ್ಣ ತೆಗೆಯುವ ದ್ರಾವಣದ ಹಾಗೆ. ನನ್ನದರಲ್ಲಿ ವಾಸನೆಯೇ ಇರಲಿಲ್ಲ. ಅದು ಹಸಿವಿನ ನೀರಲ್ಲ. ಹಿಟ್ಟು ತೆಳುವಾಗಿ ತಳ ಸೇರಿದ್ದರಿಂದ ನಿಂತ ನೀರು. ನಾನು ಎರಡೂ ಒಂದೇ ಅಂದುಕೊಂಡು ಮತ್ತಷ್ಟು ಊಟ ಹಾಕಿದೆ.

ದಿನ 6: ತಕ್ಕಡಿ

ಚಮಚ ಬಿಟ್ಟು ತಕ್ಕಡಿ ತೆಗೆದೆ. ನಾನು ಹಾಕುತ್ತಿದ್ದ ನಾಲ್ಕು ಚಮಚ ಹಿಟ್ಟು 34 ಗ್ರಾಂ ತೂಗಿತು. ನಾಲ್ಕು ಚಮಚ ನೀರು 60 ಗ್ರಾಂ. ಸಮ ಸಮ ಅಂದುಕೊಂಡದ್ದು 100 ಗ್ರಾಂ ಹಿಟ್ಟಿಗೆ 175 ಗ್ರಾಂ ನೀರು ಆಗಿತ್ತು! ಇಷ್ಟು ತೆಳುವಾದರೆ ಗುಳ್ಳೆ ಹುಟ್ಟಿದರೂ ನಿಲ್ಲುವುದಿಲ್ಲ, ಮೇಲೆ ಬಂದು ಒಡೆದುಹೋಗುತ್ತದೆ. ಸೆಕೆಯಲ್ಲಿ ಜೋರಾಗಿ ಕೆಲಸ ಮಾಡುತ್ತಿದ್ದಾಗ ಈ ತಪ್ಪು ಮುಚ್ಚಿಹೋಗಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪ್ರತಿ ಸಲ ನಾನು ಉಳಿಸಿಕೊಳ್ಳುತ್ತಿದ್ದದ್ದು ಸುಮಾರು ನಾಲ್ಕರಲ್ಲಿ ಒಂದು ಪಾಲು. ಚಳಿಯಲ್ಲಿ ಆ ಒಂದು ಪಾಲು ಹನ್ನೆರಡು ಗಂಟೆಯಲ್ಲಿ ಎರಡಾಗುತ್ತಿತ್ತು ಅಂತಿಟ್ಟುಕೊಳ್ಳಿ. ಆಗಲೂ ಪ್ರತಿ ಊಟಕ್ಕೆ ಅರ್ಧ ನಷ್ಟ. ಹತ್ತು ಊಟ ಹಾಕಿದ್ದೆ. ಅರ್ಧದ ಅರ್ಧದ ಅರ್ಧ ಅಂತ ಹತ್ತು ಸಲ ಮಾಡಿ ನೋಡಿ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಯೀಸ್ಟನ್ನು ನಾನೇ ಚೆಲ್ಲುತ್ತಿದ್ದೆ, ಚಳಿಯನ್ನು ಬೈಯುತ್ತಿದ್ದೆ.

ಸರಿಪಡಿಸಿದ್ದು ಹೀಗೆ: 50 ಗ್ರಾಂ ತೆಳು ಸ್ಟಾರ್ಟರ್, 50 ಗ್ರಾಂ ಹಿಟ್ಟು, 36 ಗ್ರಾಂ ನೀರು. ಆಮೇಲೆ ಒಟ್ಟು ಹಿಟ್ಟು ನೀರು ಸಮಕ್ಕೆ ಬಂತು. ಚಮಚದಿಂದ ಎತ್ತಿದರೆ ಸುರಿಯುವುದಿಲ್ಲ, ಭಾರವಾಗಿ ಜಾರಿ ಬೀಳುತ್ತದೆ. ಆ ಹದ. ಸಂಜೆ 7ಕ್ಕೆ ಮುಚ್ಚಳ ಸಡಿಲವಾಗಿ ಇಟ್ಟು ಬಿಟ್ಟೆ.

ದಿನ 7 ಮತ್ತು 8: ಕೈ ಕಟ್ಟಿ ಕೂತದ್ದು

ಇಡೀ ಕೆಲಸದಲ್ಲಿ ಕಷ್ಟ ಅನ್ನಿಸಿದ್ದು ಇದೇ. ಏನೂ ಮಾಡಬಾರದು.

12 ಗಂಟೆ: ಜಾಡಿಯ ಗೋಡೆಗೆ ಸಾಸಿವೆ ಗಾತ್ರದ ಗುಳ್ಳೆ. ಏರಿಲ್ಲ. 24 ಗಂಟೆ: ಮೂರನೇ ಒಂದರಷ್ಟು ಏರಿದೆ, ವಾಸನೆ ಸ್ವಲ್ಪ ಹುಳಿ. 36 ಗಂಟೆ, ದಿನ 8ರ ಬೆಳಿಗ್ಗೆ 7: ಒಂದೂವರೆಯಷ್ಟು. ಮೇಲ್ಭಾಗ ಗುಮ್ಮಟದ ಹಾಗೆ ಉಬ್ಬಿತ್ತು, ನಡುವೆ ಸ್ವಲ್ಪ ಚಪ್ಪಟೆ ಆಗಲು ಶುರುವಾಗಿತ್ತು.

ಅದೇ ಗುರುತು. ಗುಮ್ಮಟ ಇದ್ದರೆ ಇನ್ನೂ ಏರುತ್ತಿದೆ. ಚಪ್ಪಟೆ ಆದರೆ ತುದಿಗೆ ಬಂದಿದೆ. ನಡುವೆ ಗುಂಡಿ ಬಿದ್ದು ಗೋಡೆಗೆ ಗೆರೆ ಉಳಿದಿದ್ದರೆ ಏರಿ ಇಳಿದಿದೆ. ಊಟ ಹಾಕಬೇಕಾದದ್ದು ಚಪ್ಪಟೆ ಆದಾಗ, ಅಥವಾ ಇಳಿಯಲು ಶುರುವಾದಾಗ.

ಅವತ್ತು 1:1:1 ಹಾಕಿದೆ, 40 ಗ್ರಾಂ ಮೂರೂ. ಉಳಿಸಿಕೊಳ್ಳುವ ಪಾಲು ದೊಡ್ಡದಾದಷ್ಟೂ ಬೇಗ ಏಳುತ್ತದೆ ಅನ್ನೋದು ಲೆಕ್ಕ. ಈ ಸಲ 22 ಗಂಟೆಯಲ್ಲಿ ಎರಡರಷ್ಟು. ಮಗಳಿಗೆ ತೋರಿಸಿದೆ. "ಓ, ಬದುಕಿದೆ" ಅಂದಳು, ಅಷ್ಟೇ.

ದಿನ 9: ಮನೆ ತುಂಬ ಥರ್ಮಾಮೀಟರ್

ಥರ್ಮಾಮೀಟರ್ ಬಂತು. ಮೊದಲು ಐಸ್ ತುಂಬಿದ ನೀರಿನಲ್ಲಿ ಅದ್ದಿ ನೋಡಿದೆ. 0.4 ತೋರಿಸಿತು. ಸಾಕು, ನಂಬಬಹುದು.

ಒಂದೊಂದು ಜಾಗದಲ್ಲೂ ಒಂದು ಲೋಟ ನೀರಿಟ್ಟು ಮೂರು ಗಂಟೆ ಬಿಟ್ಟು ನೀರಿನ ಬಿಸಿ ಅಳೆದೆ. ಗಾಳಿ ಅಳೆದರೆ ಬಾಗಿಲು ತೆರೆದರೂ ಬದಲಾಗುತ್ತದೆ. ಲೋಟದ ನೀರು ಜಾಡಿಯ ಹಾಗೇ ನಿಧಾನ. ಅಡುಗೆ ಕಟ್ಟೆ, ಕಿಟಕಿ ಪಕ್ಕ: 15.5. ಅದೇ ಕಟ್ಟೆ, ಒಳ ಮೂಲೆ: 17. ಮೇಲಿನ ಕಪಾಟು: 19. ಫ್ರಿಜ್ಜಿನ ತಲೆ: 18.5. ಇಂಟರ್ನೆಟ್ ರೂಟರಿನ ಮೇಲೆ: 21.

ಫ್ರಿಜ್ಜಿನ ತಲೆ ಮೇಲೆ ಬೆಚ್ಚಗಿರುತ್ತದೆ ಅಂತ ಎಲ್ಲರೂ ಹೇಳುವ ಮಾತು. ನನ್ನ ಫ್ರಿಜ್ಜಿನ ಬಿಸಿ ಪಕ್ಕದ ಗೋಡೆಯಿಂದ ಹೊರಬೀಳುತ್ತದೆ, ತಲೆ ತಣ್ಣಗೇ ಇರುತ್ತದೆ. ಈಗಿನ ಎಷ್ಟೋ ಫ್ರಿಜ್ ಹೀಗೇ. ರೂಟರ್ ಪರವಾಗಿಲ್ಲ ಅನ್ನಿಸಿತು. ಆದರೆ ಒದ್ದೆ ಹಿಟ್ಟು ತುಂಬಿದ ಜಾಡಿ ಉಕ್ಕಿ ರೂಟರಿನ ಮೇಲೆ ಸುರಿದರೆ ಮನೆಯಲ್ಲಿ ಯಾರಿಗೆ ಉತ್ತರ ಕೊಡುವುದು? ಬಿಟ್ಟೆ.

ಅವತ್ತು ಉಳಿದ 30 ಗ್ರಾಂ ಸ್ಟಾರ್ಟರ್ ಎಸೆಯಲು ಮನಸ್ಸಾಗದೆ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಸುಮ್ನೆ ಮಾಡಿದ್ದು. ನಾಲ್ಕೇ ದಿನಕ್ಕೆ ಕೈ ಹಿಡಿಯಿತು.

ದಿನ 10: ಬೆಚ್ಚಗಿನ ನೀರು

ಸುಲಭದ ಉಪಾಯ ಇದೇ ಅಲ್ವಾ, ನೀರನ್ನೇ ಬೆಚ್ಚಗೆ ಹಾಕೋದು. 50 ಗ್ರಾಂ ಸ್ಟಾರ್ಟರ್, 50 ಗ್ರಾಂ ಹಿಟ್ಟು, ಎರಡೂ 17 ಡಿಗ್ರಿ. ನೀರು 50 ಗ್ರಾಂ, 40 ಡಿಗ್ರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಕಲಸಿದ್ದು 28ಕ್ಕೆ ಬರಬೇಕು. ಚುಚ್ಚಿ ನೋಡಿದರೆ 24.

ನಾಲ್ಕು ಡಿಗ್ರಿ ಎಲ್ಲಿ ಹೋಯಿತು? ಜಾಡಿ ತೂಗಿದೆ: 310 ಗ್ರಾಂ. ಒಳಗಿರುವ ಹಿಟ್ಟಿನ ಎರಡರಷ್ಟು ಭಾರದ ತಣ್ಣನೆ ಗಾಜು. ಬಿಸಿಯನ್ನು ಅದು ಕುಡಿದುಬಿಟ್ಟಿತ್ತು. ಮುಂದಿನ ಸಲ ಜಾಡಿಯನ್ನು ಬಿಸಿ ನೀರಲ್ಲಿ ತೊಳೆದು, ಒರೆಸಿ, ಆಮೇಲೆ ಕಲಸಿದೆ. 27 ಬಂತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕಲ್ಲಿನ ಕಟ್ಟೆ ಮೇಲೆ ಇಟ್ಟಿದ್ದೆ. ಒಂದೂವರೆ ಗಂಟೆಗೆ 19. ಮರದ ಮಣೆ ಮೇಲಿಟ್ಟು ಟವೆಲ್ ಸುತ್ತಿದರೆ ಅದೇ ಹೊತ್ತಿಗೆ 21. 150 ಗ್ರಾಂ ಹಿಟ್ಟಿಗೆ ಬಿಸಿ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಬೆಚ್ಚಗಿನ ನೀರಿನಿಂದ ಶುರು ಚೆನ್ನಾಗಿ ಆಗುತ್ತದೆ, ಎರಡು ಮೂರು ಗಂಟೆ ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಅದರಿಂದ ಬಯಸಬಾರದು.

ದಿನ 11 ರಿಂದ 13: ಓವನ್ ಅನಾಹುತ

ಓವನ್ ಆಫ್ ಮಾಡಿ ಒಳಗಿನ ದೀಪ ಮಾತ್ರ ಹಾಕಿ ಜಾಡಿ ಇಡುವುದು ಬಹಳ ಜನ ಮಾಡುವ ಉಪಾಯ. ದಿನ 11ರಂದು ಮಾಡಿದೆ. ಒಂದು ಗಂಟೆಗೆ ಹಿಟ್ಟು 23. ಆಹಾ, ಅಂದುಕೊಂಡು ಹೊರಗೆ ಹೋದೆ. ಮೂರೂವರೆ ಗಂಟೆಗೆ ಬಂದು ನೋಡಿದರೆ 36.

ಮೇಲೆದ್ದು ಇಳಿದೂ ಆಗಿತ್ತು. ಕೈಗೆ ಸಿಕ್ಕಿದ್ದು ನೀರು ನೀರಾದ ಹಿಟ್ಟು, ಮೂಗು ಸುಡುವ ಹುಳಿ. ಯೀಸ್ಟ್ ಚೆನ್ನಾಗಿ ಕೆಲಸ ಮಾಡುವುದು 26, 27 ಡಿಗ್ರಿಯ ಸುತ್ತ. ಹುಳಿ ಮಾಡುವ ಬ್ಯಾಕ್ಟೀರಿಯಾಕ್ಕೆ 32, 33 ಇಷ್ಟ. 36ರಲ್ಲಿ ಯೀಸ್ಟ್ ಹಿಂದೆ ಬೀಳುತ್ತದೆ, ಹುಳಿ ಮುಂದೆ ಓಡುತ್ತದೆ. ಚಳಿ ಅಂತ ಅಳುತ್ತಿದ್ದವನು ಸೆಕೆಯಿಂದ ಕೆಡಿಸಿದೆ.

ದಿನ 12: ಓವನ್ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸ್ವಲ್ಪ ತೆರೆದಿಟ್ಟೆ. 27ರಲ್ಲಿ ನಿಂತಿತು. ಐದು ಗಂಟೆಯಲ್ಲಿ ಎರಡರಷ್ಟು! ಚಳಿ ಶುರುವಾದ ಮೇಲೆ ಮೊದಲ ಸಲ. ಓವನ್ನಿನ ದೀಪ ಎಲ್ಇಡಿ ಆಗಿದ್ದರೆ ಇಷ್ಟು ಬಿಸಿ ಬರುವುದಿಲ್ಲ, ಅದನ್ನು ನೋಡಿಕೊಳ್ಳಿ.

ದಿನ 13: ಸೌಟು ಯಾರಿಗೋ ಬೇಕಾಯಿತು, ತೆಗೆದರು, ಬಾಗಿಲು ಮುಚ್ಚಿತು. ಮಧ್ಯಾಹ್ನ ಮಗಳು ಕೇಕ್ ಮಾಡಲು ಓವನ್ ಅನ್ನು 180ಕ್ಕೆ ಬಿಸಿಗಿಟ್ಟಳು. ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಚ್ಚಳ ಕರಗಿ ಜಾಡಿಯ ಬಾಯಿಗೆ ಇಳಿದಿತ್ತು. ಅಂಚಿನ ಹಿಟ್ಟು ಬೆಂದೇ ಹೋಗಿತ್ತು. "ಒಳಗೆ ಇಟ್ಟಿದ್ದೀಯ ಅಂತ ಹೇಳಬಾರದಾ ಅಪ್ಪಾ?" ಅಂದಳು. ಹೇಳಬೇಕಿತ್ತು. ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು. ಪ್ಲಾಸ್ಟಿಕ್ ಕರಗಿ ಬಿದ್ದದ್ದರಿಂದ ನಡುವಿನ ಹಸಿ ಹಿಟ್ಟನ್ನೂ ಉಳಿಸಿಕೊಳ್ಳಲಿಲ್ಲ, ಜಾಡಿ ಸಮೇತ ಹೋಯಿತು.

ದಿನ 14: ಮತ್ತೆ ಮೊದಲಿಂದ

ಫ್ರಿಜ್ಜಿನ 30 ಗ್ರಾಂ ಹೊರಬಂತು. ಗಟ್ಟಿಯಾಗಿ, ಮೇಲೆ ಒಣಗಿದ ಪೊರೆ. ಬೂಷ್ಟು ಅಂತ ಒಂದು ಕ್ಷಣ ಹೆದರಿದೆ. ಬೂಷ್ಟು ಆದರೆ ನೂಲು ನೂಲಾಗಿ ತುಪ್ಪಳದ ಹಾಗಿರುತ್ತದೆ. ಹಸಿರು, ಕಪ್ಪು, ಅಥವಾ ಗುಲಾಬಿ, ಕಿತ್ತಳೆ ಬಣ್ಣದ ಗೆರೆ ಕಂಡರೆ ಯೋಚನೆಯೇ ಬೇಡ, ಎಲ್ಲ ಎಸೆಯಬೇಕು. ಇದು ಹಿಟ್ಟಿನದೇ ಬಣ್ಣದ ಪೊರೆ. ಸುಲಿದು ಬಿಸಾಕಿ ಒಳಗಿನ 20 ಗ್ರಾಂ ತೆಗೆದು 1:1:1 ಹಾಕಿದೆ. ಎರಡನೇ ಊಟಕ್ಕೆ ಎದ್ದಿತು.

ಓವನ್ ಸಹವಾಸ ಬೇಡ ಅಂತ ತೀರ್ಮಾನಿಸಿದೆ.

ದಿನ 15 ರಿಂದ 17: ಪೆಟ್ಟಿಗೆ

ಥರ್ಮಾಕೋಲ್ ಪೆಟ್ಟಿಗೆ ಒಳಗಿನ ಅಳತೆ 40 × 30 × 25 ಸೆಂಟಿಮೀಟರ್, ಗೋಡೆ ದಪ್ಪ ಎರಡೂವರೆ ಸೆಂಟಿಮೀಟರ್. ಮುಚ್ಚಳದಲ್ಲಿ ಪೆನ್ಸಿಲ್‌ನಿಂದ ಒಂದು ತೂತು ಮಾಡಿ ಥರ್ಮಾಮೀಟರ್ ತಂತಿ ಇಳಿಸಿದೆ. ಅದರ ತುದಿ ಗಾಳಿಯಲ್ಲಿ ತೂಗುತ್ತಿತ್ತು. ಈ ತಪ್ಪು ನೆನಪಿಟ್ಟುಕೊಳ್ಳಿ.

ಮೊದಲ ಪ್ರಯತ್ನ: ಒಂದು ಲೀಟರ್ ನೀರು 70 ಡಿಗ್ರಿ, ಬಾಟಲಿ ಜಾಡಿಗೆ ಒತ್ತಿಕೊಂಡು. ಗಾಳಿ ನೋಡನೋಡುತ್ತ 40 ದಾಟಿತು. ಹೆದರಿ ತೆರೆದು ಜಾಡಿಯೊಳಗೆ ಚುಚ್ಚಿದೆ: ಬಾಟಲಿ ಕಡೆ 39, ಆಚೆ ಕಡೆ 30. ಒಂದೇ ಜಾಡಿಯಲ್ಲಿ ಎರಡು ಊರಿನ ಹವೆ.

ಎರಡನೇ ಪ್ರಯತ್ನ: ನೀರು 60, ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಜಾಡಿಯಿಂದ ಒಂದು ಗೇಣು ದೂರ. ಗಾಳಿ 28ಕ್ಕೆ ಬಂತು. ನಾನು ಆರಾಮಾಗಿ ಕೂತೆ. ಆದರೆ ಜಾಡಿಯೊಳಗೆ ನೋಡಿದರೆ ಒಂದು ಗಂಟೆಯಾದರೂ 20. ಗಾಜು ಮತ್ತು ಹಿಟ್ಟು ಬಿಸಿ ಹಿಡಿಯಲು ಹೊತ್ತು ಬೇಕು. ಅಷ್ಟರಲ್ಲಿ ಬಾಟಲಿ ಆರುತ್ತಿತ್ತು. ಜಾಡಿ 24 ಮುಟ್ಟುವ ಹೊತ್ತಿಗೆ ಗಾಳಿ 23ಕ್ಕೆ ಇಳಿದಿತ್ತು. ಗಾಳಿಯ ಅಂಕಿ ನೋಡಿ ನಾಲ್ಕು ಗಂಟೆ ಖುಷಿಪಟ್ಟಿದ್ದೆ, ಹಿಟ್ಟಿಗೆ ಅದರಲ್ಲಿ ಸಿಕ್ಕಿದ್ದು ಸ್ವಲ್ಪವೇ.

ಮೂರನೇ ಪ್ರಯತ್ನದಲ್ಲಿ ನಿಂತಿತು. ಒಂದರ ಬದಲು ಎರಡು ಬಾಟಲಿ, ಆದರೆ ನೀರು ಬರೀ 45 ಡಿಗ್ರಿ. ಕೈ ಹಾಕಿದರೆ ಚುರ್ ಅನ್ನುತ್ತದೆ, ಸುಡುವುದಿಲ್ಲ, ಅಷ್ಟು. ಎರಡಕ್ಕೂ ಟವೆಲ್, ಪೆಟ್ಟಿಗೆಯ ಎರಡು ತುದಿಗೆ. ನಡುವೆ ಮಣೆ ಚೂರಿನ ಮೇಲೆ ಜಾಡಿ. ಜಾಡಿಯನ್ನು ಬಿಸಿ ನೀರಲ್ಲಿ ತೊಳೆದು, ಬೆಚ್ಚಗಿನ ನೀರಲ್ಲೇ ಕಲಸಿ, 27ರಲ್ಲಿ ಒಳಗಿಟ್ಟದ್ದು. ಆಗ ಪೆಟ್ಟಿಗೆ ಜಾಡಿಯನ್ನು ಬಿಸಿ ಮಾಡಬೇಕಾಗಿಲ್ಲ, ಇದ್ದ ಬಿಸಿ ಹಿಡಿದರೆ ಸಾಕು. ಥರ್ಮಾಮೀಟರ್ ತುದಿಯನ್ನು ಪಕ್ಕದಲ್ಲಿಟ್ಟ ಒಂದು ಲೋಟ ನೀರಿನಲ್ಲಿ ಮುಳುಗಿಸಿದೆ. ಆ ನೀರನ್ನೂ 27ರಲ್ಲೇ ಹಾಕಿದ್ದೆ, ಆದ್ದರಿಂದ ಲೋಟ ತೋರಿಸಿದ್ದು ಹೆಚ್ಚುಕಡಿಮೆ ಜಾಡಿಯದೇ ಬಿಸಿ.

ಶುರುವಿಗೆ 27, ಎರಡು ಗಂಟೆಗೆ 26, ನಾಲ್ಕು ಗಂಟೆಗೆ 24.5. ಆಗ ಒಂದು ಬಾಟಲಿಯ ನೀರು ಮಾತ್ರ ಬದಲಿಸಿದೆ. ಆರನೇ ಗಂಟೆಗೆ ಮತ್ತೆ 25. ಸ್ಟಾರ್ಟರ್ 1:1:1, ಐದೂವರೆ ಗಂಟೆಗೆ ಎರಡರಷ್ಟು, ಏಳಕ್ಕೆ ಚಪ್ಪಟೆ.

ಬಿಸಿ ಜಾಸ್ತಿ ಬೇಕು ಅನ್ನಿಸಿದಾಗ ಕೈ ತಾನೇ ಕುದಿಯುವ ನೀರಿನ ಕಡೆ ಹೋಗುತ್ತದೆ. ನೀರಿನ ಅಳತೆ ಹೆಚ್ಚಿಸಬೇಕು, ಬಿಸಿಯನ್ನಲ್ಲ. ಪೆಟ್ಟಿಗೆಯ ಖಾಲಿ ಜಾಗಕ್ಕೆ ಹಳೆ ಬಟ್ಟೆ ತುರುಕಿದರೆ ಇನ್ನೂ ಅರ್ಧ ಗಂಟೆ ಸಿಗುತ್ತದೆ.

ದಿನ 18 ಮತ್ತು 19: ಎರಡು ಜಾಡಿ

ಹಿಟ್ಟು ಬದಲಿಸಿದರೆ ಏನಾಗುತ್ತದೆ ನೋಡೋಣ ಅಂತ ಪೆಟ್ಟಿಗೆ ಇಲ್ಲದೆ, 17 ಡಿಗ್ರಿಯಲ್ಲೇ ಇಟ್ಟ ಪರೀಕ್ಷೆ. ಓವನ್ನಿನಲ್ಲಿ ಹಾಳಾದ ಜಾಡಿಯ ಬದಲಿಗೆ ಅದೇ ದಪ್ಪದ ಒಂದು ಹಳೆ ಜಾಡಿ ಹುಡುಕಿದೆ. ಒಂದರಲ್ಲಿ 40 ಗ್ರಾಂ ಮೈದಾ, ಇನ್ನೊಂದರಲ್ಲಿ 32 ಗ್ರಾಂ ಮೈದಾ, 8 ಗ್ರಾಂ ಇಡಿ ಗೋಧಿ ಹಿಟ್ಟು. ಉಳಿದದ್ದೆಲ್ಲ ಸಮ. ಮೈದಾ ಜಾಡಿ ಎರಡರಷ್ಟಾಗಲು 16 ಗಂಟೆ ತೆಗೆದುಕೊಂಡಿತು, ಇಡಿ ಗೋಧಿ ಸೇರಿಸಿದ್ದು 12.

ಹೊಟ್ಟಿನಲ್ಲಿ ಖನಿಜ ಇದೆ, ಯೀಸ್ಟಿಗೆ ಮೇವು ಜಾಸ್ತಿ. ರೈ ಅನ್ನೋ ಧಾನ್ಯದ ಹಿಟ್ಟೂ ಇದೇ ಕೆಲಸ ಮಾಡುತ್ತದೆ. ಇಡಿ ಹಿಟ್ಟು ನೀರು ಜಾಸ್ತಿ ಕುಡಿಯುವುದರಿಂದ ಸ್ಟಾರ್ಟರ್ ಸ್ವಲ್ಪ ಗಟ್ಟಿಯಾಗಿ ಕಾಣುತ್ತದೆ. ನಾನು 2 ಗ್ರಾಂ ನೀರು ಹೆಚ್ಚು ಹಾಕುತ್ತೇನೆ.

ದಿನ 19ರಂದು ಪೂರ್ತಿ ಇಡಿ ಗೋಧಿ ಹಾಕಿ ನೋಡಿದೆ. ಬೇಗ ಎದ್ದಿತು, ಬೇಗ ಬಿದ್ದಿತು, ರಾತ್ರಿ ಎದ್ದು ನೋಡುವ ಕೆಲಸ ಯಾರಿಗೆ ಬೇಕು. ಐದರಲ್ಲಿ ಒಂದು ಪಾಲು ಸಾಕು.

ದಿನ 20 ಮತ್ತು 21: ಪೆಟ್ಟಿಗೆ ದಿನಾ ಬೇಕಾ?

ಇಷ್ಟೆಲ್ಲ ಮಾಡಿ ಪೆಟ್ಟಿಗೆ ಕಟ್ಟಿದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳಲು ಬೇಜಾರು. ಆದರೂ ಕೇಳಿಕೊಂಡೆ. ಪೆಟ್ಟಿಗೆಯಲ್ಲಿಟ್ಟರೆ ಏಳು ಗಂಟೆಗೊಮ್ಮೆ ಊಟ ಕೇಳುತ್ತದೆ. ಕಟ್ಟೆ ಮೇಲೆ 17ರಲ್ಲಿಟ್ಟರೆ 1:1:1 ಹನ್ನೆರಡು ಗಂಟೆ, 1:2:2 ಹದಿನಾರು, 1:3:3 ಇಪ್ಪತ್ತರಿಂದ ಇಪ್ಪತ್ತೆರಡು. ಇದು ಆರೋಗ್ಯವಾಗಿರುವ ಸ್ಟಾರ್ಟರಿನ ಲೆಕ್ಕ. ದಿನ 5ರಲ್ಲಿ ಇದ್ದದ್ದಕ್ಕೆ 1:3:3 ಹಾಕಿದ್ದರೆ ಪೂರ್ತಿ ಮುಗಿಯುತ್ತಿತ್ತು.

ಅಂದರೆ ತಣ್ಣಗಿನ ಮನೆಯಲ್ಲಿ ದಿನಕ್ಕೆ ಒಂದೇ ಊಟ ಸಾಕು: 10 ಗ್ರಾಂ ಸ್ಟಾರ್ಟರ್, 30 ಹಿಟ್ಟು, 30 ನೀರು. ಹಿಟ್ಟು ಉಳಿತಾಯ, ಎಸೆಯುವುದೂ ಕಡಿಮೆ. ಸೆಕೆಯಲ್ಲಿ ದಿನಕ್ಕೆರಡು ಸಲ ಓಡಾಡುತ್ತಿದ್ದೆ. ಚಳಿ ನನ್ನ ಕೆಲಸ ಕಡಿಮೆ ಮಾಡಿತ್ತು, ನಾನೇ ಒಪ್ಪಿಕೊಂಡಿರಲಿಲ್ಲ.

ಈಗ ಪೆಟ್ಟಿಗೆ ಬ್ರೆಡ್ ಮಾಡುವ ಹಿಂದಿನ ಊಟಕ್ಕೆ, ಆಮೇಲೆ ಬ್ರೆಡ್ ಹಿಟ್ಟಿಗೆ ಮಾತ್ರ.

ದಿನ 22 ಮತ್ತು 23: ಬ್ರೆಡ್

400 ಗ್ರಾಂ ಹಿಟ್ಟು, 280 ನೀರು, 80 ಸ್ಟಾರ್ಟರ್, 8 ಉಪ್ಪು. ನೀರು 34 ಡಿಗ್ರಿ, ಕಲಸಿದ್ದು 26. ಕಲಸುವ ಮುಂಚೆ ಒಂದು ಚಮಚ ಸ್ಟಾರ್ಟರ್ ನೀರಿನಲ್ಲಿ ತೇಲುತ್ತದಾ ನೋಡಿದ್ದೆ, ತೇಲಿದರೆ ತಯಾರು ಅನ್ನುತ್ತಾರೆ. ಮುಳುಗಿತು. ಆದರೆ ಜಾಡಿಯಲ್ಲಿ ಅದು ಎರಡರಷ್ಟಾಗಿ ಗುಮ್ಮಟ ಹಿಡಿದು ನಿಂತಿತ್ತು. ಚಮಚದಲ್ಲಿ ತೆಗೆಯುವಾಗ ಗಾಳಿ ಹೋದರೆ ಒಳ್ಳೆ ಸ್ಟಾರ್ಟರೂ ಮುಳುಗುತ್ತದೆ. ಜಾಡಿಯನ್ನು ನಂಬಿದೆ, ನೀರಿನ ಲೋಟವನ್ನಲ್ಲ.

ಮೊದಲ ಎರಡು ಗಂಟೆಯಲ್ಲಿ ನಾಲ್ಕು ಸಲ ಎಳೆದು ಮಡಿಸಿದೆ. ಮುಕ್ಕಾಲು ಕಿಲೋ ಹಿಟ್ಟು ತನ್ನ ಬಿಸಿ ತಾನೇ ಹಿಡಿದುಕೊಳ್ಳುತ್ತದೆ. ಬಾಟಲಿಯನ್ನು ಒಂದೇ ಸಲ ಬದಲಿಸಿದ್ದು. ಐದೂಕಾಲು ಗಂಟೆಗೆ ಮುಕ್ಕಾಲರಷ್ಟು ಏರಿತ್ತು. ರೂಪ ಕೊಟ್ಟು ರಾತ್ರಿ ಫ್ರಿಜ್ಜಿನಲ್ಲಿ 12 ಗಂಟೆ. ಬೆಳಿಗ್ಗೆ 230 ಡಿಗ್ರಿಯಲ್ಲಿ ಮುಚ್ಚಳ ಹಾಕಿ 20 ನಿಮಿಷ, ತೆಗೆದು 22 ನಿಮಿಷ. ಒಳಗೆ ಚುಚ್ಚಿದರೆ 97.

ಎತ್ತರ 9 ಸೆಂಟಿಮೀಟರ್. ಮೇಲೆ ಬ್ಲೇಡಿನಲ್ಲಿ ಗೀರಿದ್ದು ಆಳ ಸಾಲದೆ ಒಂದು ಪಕ್ಕಕ್ಕೆ ಒಡೆದುಕೊಂಡಿತು, ನೋಡಲು ಸೊಟ್ಟ. ಎರಡು ಗಂಟೆ ಆರಲು ಬಿಡಬೇಕು ಅಂತ ನಾನು ಹೇಳುತ್ತಿರುವಾಗಲೇ ಮಗಳು ಒಂದು ಚೂರು ಮುರಿದುಕೊಂಡಿದ್ದಳು.

ದಿನ 24

ಓವನ್ ಪಾಠ ಮರೆತಿಲ್ಲ. ಎರಡು ಕಡೆ ಎತ್ತಿಟ್ಟೆ. ಫ್ರಿಜ್ಜಿಗೆ ಗಟ್ಟಿ ಸ್ಟಾರ್ಟರ್: 20 ಗ್ರಾಂ ಸ್ಟಾರ್ಟರ್, 40 ಹಿಟ್ಟು, 20 ನೀರು, ಉಂಡೆ ಮಾಡಿ. ಗಟ್ಟಿ ಇದ್ದರೆ ನಿಧಾನವಾಗಿ ಹುಳಿಯುತ್ತದೆ, ವಾರಕ್ಕೊಮ್ಮೆ ನೋಡಿದರೆ ಸಾಕು. ಇನ್ನೊಂದು ಒಣಗಿಸಿದ್ದು. ತುದಿಗೆ ಬಂದ ಸ್ಟಾರ್ಟರನ್ನು ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ ಇಟ್ಟಿದ್ದೇನೆ. ಚೆನ್ನಾಗಿ ಒಣಗಿ ಲಟಲಟ ಮುರಿಯುವ ಹಾಗಾಗಬೇಕು, ಆಮೇಲೆ ಪುಡಿ ಮಾಡಿ ಡಬ್ಬಿಗೆ. ಈ ತಂಪಿನಲ್ಲಿ ಒಣಗಲು ಇನ್ನೂ ಎರಡು ದಿನ ಬೇಕಾಗಬಹುದು. ಓವನ್ನಿನಲ್ಲಿ ಒಣಗಿಸಲಾ ಅಂತ ಮಗಳು ಕೇಳಿದಳು. ತಮಾಷೆಗೆ ಕೇಳಿದ್ದು ಅಂದುಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಅಡುಗೆಮನೆ 16 ಡಿಗ್ರಿ ಇತ್ತು. 7ಕ್ಕೆ 1:1:1 ಹಾಕಿ ಕಟ್ಟೆಯ ಒಳ ಮೂಲೆಗೆ ಇಟ್ಟದ್ದು. ಈಗ ರಾತ್ರಿ 8. ಬ್ಯಾಂಡಿನ ಮೇಲೆ ಎರಡು ಬೆರಳು, ತಲೆ ಇನ್ನೂ ಗುಮ್ಮಟ. ಇನ್ನೂ ಏರುತ್ತಿದೆ, ಮುಟ್ಟುವುದಿಲ್ಲ.